ತಿರುಗುವ ತಟ್ಟೆಯೂ ಸೆರೆಸಿಕ್ಕ ಎಲೆಕ್ಟ್ರಾನೂ

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ರೈತನಿಗೆ ಪಹಣಿಪತ್ರವೆಂದರೇನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಭಾಗದಲ್ಲಿ ‘ಉತಾರ’ವೆಂದು ಕರೆಯಿಸಿಕೊಳ್ಳುವ ಆ ಒಂದು ಹಾಳೆಯ ಮೇಲೆ ಹೊಲದ ಒಡೆತನ, ವಿಸ್ತೀರ್ಣ, ಬೆಳೆ, ಸಾಲ ಇವೆಲ್ಲವೂ ನಿಂತಿರುತ್ತವೆ. ಬಹುಕಾಲ ಇವು ಕೈಬರಹದ ಪುಸ್ತಕಗಳಲ್ಲಿದ್ದುವು. ಈ ಶತಮಾನದ ಆರಂಭದಲ್ಲಿ ಕರ್ನಾಟಕ ಸರಕಾರದ ‘ಭೂಮಿ’ ಯೋಜನೆಯು ರಾಜ್ಯದ ಸುಮಾರು ೬೭ ಲಕ್ಷ ಭೂಮಾಲಿಕರ ಎರಡು ಕೋಟಿಯಷ್ಟು ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿತು. ಕಾಗದದ ಮೇಲಿನ ಬರಹವನ್ನು ಗೆದ್ದಲು ತಿನ್ನಬಹುದು, ನೀರು ತೋಯಿಸಬಹುದು; ಆದರೆ ಆ ಬರಹವು ಎಲ್ಲಿದೆ ಎಂಬುದು ಕಣ್ಣಿಗೆ ಕಾಣುತ್ತಿತ್ತು. ಗಣಕಯಂತ್ರದೊಳಕ್ಕೆ ಹೋದ ಬರಹವು ಎಲ್ಲಿದೆ? ಅದು ಯಾವ ವಸ್ತುವಿನಲ್ಲಿ, ಯಾವ ರೂಪದಲ್ಲಿ ಕುಳಿತಿದೆ? ಕರೆಂಟು ಹೋದ ಮೇಲೂ ಅದು ಅಳಿಸಿಹೋಗದಿರುವುದು ಹೇಗೆ? ಅದಕ್ಕೂ ಗೆದ್ದಲುಂಟೇ?

ಈ ಪ್ರಶ್ನೆಗಳು ಸರಕಾರಿ ಕಚೇರಿಗಳಿಗೆ ಮಾತ್ರ ಸಂಬಂಧಿಸಿದುವಲ್ಲ. ಇಂದು ನಮ್ಮ ವಿದ್ಯಾರ್ಥಿಗಳ ಟಿಪ್ಪಣಿಗಳು, ಮನೆಯವರ ಮದುವೆಯ ಚಿತ್ರಗಳು, ಅಂಗಡಿಯ ಲೆಕ್ಕಗಳು, ಎಲ್ಲವೂ ಇದೇ ದಾರಿಯನ್ನು ಹಿಡಿದಿವೆ. ಅವುಗಳನ್ನು ಕಾಯುತ್ತಿರುವ ಸಾಧನಗಳು ಮುಖ್ಯವಾಗಿ ಎರಡು ಬಗೆಯವು. ಒಂದು, ಹಳೆಯದಾದ ಹಾರ್ಡ್ ಡಿಸ್ಕು. ಇನ್ನೊಂದು, ಅದರ ಸ್ಥಾನವನ್ನು ಬಹುಮಟ್ಟಿಗೆ ಆಕ್ರಮಿಸಿರುವ ಸಾಲಿಡ್ ಸ್ಟೇಟ್ ಡ್ರೈವ್, ಅಂದರೆ ಎಲ್ಲರ ಬಾಯಲ್ಲಿರುವ ಎಸ್.ಎಸ್.ಡಿ. ಇವೆರಡರಲ್ಲಿ ಯಾವುದು ವೇಗವುಳ್ಳದ್ದೆಂಬುದನ್ನು ಅಂಗಡಿಯವನೇ ಹೇಳಿಬಿಡುತ್ತಾನೆ. ಯಾವುದು ಹೇಗೆ ನೆನಪಿಡುತ್ತದೆ, ಮತ್ತು ಹೇಗೆ ಮರೆಯುತ್ತದೆ ಎಂಬುದನ್ನು ಮಾತ್ರ ಭೌತಶಾಸ್ತ್ರವೇ ಹೇಳಬೇಕು. ಅದನ್ನು ಈ ಲೇಖನದಲ್ಲಿ ವಿಚಾರಿಸೋಣ.

ಎರಡೇ ಗುರುತುಗಳ ಬರಹ

ಗಣಕಯಂತ್ರಕ್ಕೆ ಗೊತ್ತಿರುವ ಅಕ್ಷರಗಳು ಎರಡೇ: ಸೊನ್ನೆ ಮತ್ತು ಒಂದು. ಇವುಗಳಲ್ಲಿ ಒಂದೊಂದಕ್ಕೂ ‘ಬಿಟ್’ ಎಂದು ಹೆಸರು. ಎಂಟು ಬಿಟ್‌ಗಳು ಸೇರಿದರೆ ಒಂದು ‘ಬೈಟ್’. ಪಹಣಿಯ ಹೆಸರಾಗಲಿ, ಗೋಕಾಕ ಜಲಪಾತದ ಛಾಯಾಚಿತ್ರವಾಗಲಿ, ಗೀಗೀಪದದ ಧ್ವನಿಯಾಗಲಿ, ಕೊನೆಗೆ ಸೊನ್ನೆ ಒಂದುಗಳ ಉದ್ದನೆಯ ಸಾಲೇ ಆಗಿ ಪರಿಣಮಿಸುವುದು. ಆದುದರಿಂದ ನೆನಪಿನ ಸಾಧನವೊಂದನ್ನು ನಿರ್ಮಿಸುವವನಿಗೆ ಬೇಕಾದುದು ಇಷ್ಟೇ: ಎರಡು ಬೇರೆ ಬೇರೆ ಸ್ಥಿತಿಗಳಲ್ಲಿ ನಿಲ್ಲಬಲ್ಲ, ನಿಲ್ಲಿಸಿದ ಸ್ಥಿತಿಯಲ್ಲೇ ಉಳಿಯಬಲ್ಲ, ಬೇಕೆಂದಾಗ ಬದಲಾಯಿಸಬಲ್ಲ ಯಾವುದಾದರೊಂದು ವಸ್ತು. ಹಾರ್ಡ್ ಡಿಸ್ಕು ಇದಕ್ಕಾಗಿ ಕಾಂತತ್ವವನ್ನು ಆಶ್ರಯಿಸಿತು, ಎಸ್.ಎಸ್.ಡಿ.ಯು ವಿದ್ಯುದಂಶವನ್ನು ಆಶ್ರಯಿಸಿತು. ಎರಡರ ನಡುವಿನ ಸಕಲ ವ್ಯತ್ಯಾಸಗಳಿಗೂ ಇದೇ ಮೂಲ.

ತಿರುಗುವ ತಟ್ಟೆ

ಮೊದಲ ಹಾರ್ಡ್ ಡಿಸ್ಕನ್ನು ಐ.ಬಿ.ಎಂ. ಸಂಸ್ಥೆಯು ೧೯೫೬ರಲ್ಲಿ ಹೊರತಂದಿತು. ಅದರಲ್ಲಿ ಎರಡು ಅಡಿ ವ್ಯಾಸದ ೫೦ ತಟ್ಟೆಗಳಿದ್ದುವು. ನಿಮಿಷಕ್ಕೆ ೧೨೦೦ ಸುತ್ತು ತಿರುಗುತ್ತಿದ್ದುವು. ಇಷ್ಟೆಲ್ಲ ಸೇರಿ ಹಿಡಿಯುತ್ತಿದ್ದುದು ೫೦ ಲಕ್ಷ ಅಕ್ಷರಗಳನ್ನು ಮಾತ್ರ. ಇಂದಿನ ಮೊಬೈಲಿನಲ್ಲಿ ತೆಗೆದ ಎರಡು ಚಿತ್ರಗಳಿಗೂ ಅದು ಸಾಲದೆಹೋದೀತು. ಆದರೆ ಅಂದು ಹಾಕಿಕೊಟ್ಟ ತತ್ತ್ವವು ಇಂದಿಗೂ ಬದಲಾಗಿಲ್ಲ.

ಹಾರ್ಡ್ ಡಿಸ್ಕಿನೊಳಗೆ ಅಲ್ಯೂಮಿನಿಯಮ್ಮಿನ ಇಲ್ಲವೆ ಗಾಜಿನ ತಟ್ಟೆಗಳಿರುತ್ತವೆ. ಅವುಗಳ ಮೇಲೆ ಕೋಬಾಲ್ಟ್ ಮಿಶ್ರಲೋಹದ ಅತಿ ತೆಳುವಾದ ಲೇಪನವಿರುತ್ತದೆ. ಈ ಲೇಪನವು ಲೆಕ್ಕವಿಲ್ಲದಷ್ಟು ಸೂಕ್ಷ್ಮ ಹರಳುಗಳಿಂದ ಕೂಡಿದ್ದು, ಒಂದೊಂದು ಹರಳೂ ಪುಟ್ಟ ಅಯಸ್ಕಾಂತದಂತೆ ವರ್ತಿಸುವುದು. ತಟ್ಟೆಯ ಮೇಲೆ ಒಂದು ತೋಳು ಚಾಚಿಕೊಂಡಿದ್ದು, ಅದರ ತುದಿಯಲ್ಲಿ ‘ಹೆಡ್’ ಎಂಬ ಸೂಕ್ಷ್ಮ ಭಾಗವಿರುತ್ತದೆ. ಬರೆಯುವಾಗ ಹೆಡ್ಡಿನಲ್ಲಿ ಹರಿಯುವ ವಿದ್ಯುತ್ಪ್ರವಾಹವು ಕಾಂತಕ್ಷೇತ್ರವನ್ನುಂಟುಮಾಡಿ, ತನ್ನ ಕೆಳಗೆ ಬಂದ ಹರಳುಗಳ ಗುಂಪನ್ನು ಈ ದಿಕ್ಕಿಗೋ ಆ ದಿಕ್ಕಿಗೋ ತಿರುಗಿಸಿ ನಿಲ್ಲಿಸುತ್ತದೆ. ಓದುವಾಗ ಹರಳುಗಳ ಕಾಂತಕ್ಷೇತ್ರಕ್ಕೆ ತಕ್ಕಂತೆ ಹೆಡ್ಡಿನ ವಿದ್ಯುದ್ರೋಧವು ಹೆಚ್ಚು ಕಡಿಮೆಯಾಗುತ್ತದೆ. ಈ ರೋಧವನ್ನು ಬಹಳ ದೊಡ್ಡದಾಗಿ ಬದಲಾಯಿಸುವ ಪರಿಣಾಮವನ್ನು ೧೯೮೮ರಲ್ಲಿ ಆಲ್ಬೇರ್ ಫೆರ್ ಮತ್ತು ಪೀಟರ್ ಗ್ರೂನ್‌ಬರ್ಗ್ ಬೇರೆ ಬೇರೆಯಾಗಿ ಕಂಡುಹಿಡಿದರು; ೨೦೦೭ರ ನೊಬೆಲ್ ಪಾರಿತೋಷಕವು ಅವರಿಗೆ ಇದಕ್ಕಾಗಿಯೇ ಸಂದಿತು.

ಹೆಡ್ಡು ತಟ್ಟೆಯನ್ನು ಮುಟ್ಟುವುದಿಲ್ಲವೆಂಬುದು ಗಮನಾರ್ಹ. ತಟ್ಟೆಯು ತಿರುಗುವ ರಭಸಕ್ಕೆ ಉಂಟಾಗುವ ಗಾಳಿಯ ಪದರದ ಮೇಲೆ ಅದು ತೇಲುವುದು. ಈ ಅಂತರವು ಕೆಲವೇ ನ್ಯಾನೊಮೀಟರು. ಅಂದರೆ ಮಿಲಿಮೀಟರಿನ ಹತ್ತು ಲಕ್ಷ ಪಾಲುಗಳಲ್ಲಿ ಕೆಲವು ಪಾಲು. ನಮ್ಮ ತಲೆಗೂದಲೊಂದರ ದಪ್ಪವು ಇದರ ಹತ್ತು ಸಾವಿರ ಪಟ್ಟಿಗೂ ಮಿಗಿಲು. ತಟ್ಟೆಯು ನಿಮಿಷಕ್ಕೆ ೭೨೦೦ ಸುತ್ತು ತಿರುಗುತ್ತಿದ್ದರೆ, ೯೫ ಮಿಲಿಮೀಟರ್ ವ್ಯಾಸದ ಅದರ ಅಂಚು ಸೆಕೆಂಡಿಗೆ ಸುಮಾರು ೩೬ ಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ಇದು ಗಂಟೆಗೆ ೧೨೯ ಕಿಲೋಮೀಟರಿಗೆ ಸಮ. ಹಾರ್ಡ್ ಡಿಸ್ಕು ಓಡುತ್ತಿರುವಾಗ ಅದನ್ನು ಬೀಳಿಸಿದರೆ ಏನಾಗುವುದೆಂಬುದನ್ನು ವಾಚಕರು ಈಗ ತಾವೇ ಊಹಿಸಬಲ್ಲರು. ಹೆಡ್ಡು ತಟ್ಟೆಗೆ ಬಡಿದು ಲೇಪನವನ್ನು ಕೆರೆಯುತ್ತದೆ. ಕೆರೆದಲ್ಲಿದ್ದ ಬರಹವು ಮತ್ತೆ ಬಾರದು.

ಇನ್ನು ಹಾರ್ಡ್ ಡಿಸ್ಕಿನ ನಿಧಾನಕ್ಕೆ ಕಾರಣವನ್ನು ನೋಡೋಣ. ನಿಮಿಷಕ್ಕೆ ೭೨೦೦ ಎಂದರೆ ಸೆಕೆಂಡಿಗೆ ೧೨೦ ಸುತ್ತು. ಒಂದು ಸುತ್ತಿಗೆ ೮.೩ ಮಿಲಿಸೆಕೆಂಡು. ಜಾತ್ರೆಯಲ್ಲಿ ತಿರುಗುವ ತೊಟ್ಟಿಲಿನ ಕೆಳಗೆ ನಿಂತು, ನಮ್ಮವರು ಕುಳಿತ ತೊಟ್ಟಿಲು ಕೆಳಗೆ ಬರುವುದನ್ನು ಕಾಯುವವರಂತೆ, ಬೇಕಾದ ಬರಹವು ತನ್ನ ಕೆಳಗೆ ಬರುವವರೆಗೆ ಹೆಡ್ಡು ಕಾಯಬೇಕು. ಸರಾಸರಿ ಅರ್ಧ ಸುತ್ತು ಕಾದರೆ ೪.೨ ಮಿಲಿಸೆಕೆಂಡಾಯಿತು. ಇದಕ್ಕೆ ಮುಂಚೆ ತೋಳು ಸರಿಯಾದ ವರ್ತುಲಕ್ಕೆ ಸರಿಯಲು ಸುಮಾರು ೮ ಮಿಲಿಸೆಕೆಂಡು ಬೇಕು. ಒಟ್ಟು ೧೨ ಮಿಲಿಸೆಕೆಂಡು. ಹೀಗೆ ಸೆಕೆಂಡಿಗೆ ಎಂಬತ್ತು ಕಡೆಗಳಿಂದ ಮಾತ್ರ ಚೂರುಪಾರು ಬರಹಗಳನ್ನು ಹೆಕ್ಕಿ ತರಬಹುದು. ಗಣಕಯಂತ್ರವು ಎಚ್ಚರಗೊಳ್ಳುವಾಗ ಸಾವಿರಾರು ಚಿಕ್ಕ ಕಡತಗಳನ್ನು ಬೇರೆ ಬೇರೆ ಕಡೆಗಳಿಂದ ಓದಬೇಕಾಗುವುದು. ಕಾಲೇಜಿನ ಪ್ರಯೋಗಶಾಲೆಯ ಹಳೆಯ ಯಂತ್ರವು ಗುಂಡಿ ಒತ್ತಿದ ಮೇಲೆ ನಿಮಿಷಗಟ್ಟಲೆ ಕಾಯಿಸುವುದಕ್ಕೆ ಅನೇಕ ವೇಳೆ ಈ ಎಂಬತ್ತೇ ಕಾರಣ. ಯಂತ್ರದ ಮಿದುಳು ಬಡವಾಗಿದೆಯೆಂದಲ್ಲ, ಕೈ ನಿಧಾನವಾಗಿದೆ.

ಸೆರೆಸಿಕ್ಕ ಎಲೆಕ್ಟ್ರಾನು

ಎಸ್.ಎಸ್.ಡಿ.ಯಲ್ಲಿ ತಿರುಗುವುದಾಗಲಿ ಸರಿಯುವುದಾಗಲಿ ಯಾವುದೂ ಇಲ್ಲ. ಅದರಲ್ಲಿರುವುವು ಸಿಲಿಕಾನಿನ ಚಿಪ್ಪುಗಳು ಮಾತ್ರ. ಈ ಬಗೆಯ ಸ್ಮೃತಿಗೆ ‘ಫ್ಲಾಶ್’ ಎಂದು ಹೆಸರು. ಇದರ ಬೀಜವನ್ನು ೧೯೬೭ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಡಾವನ್ ಕಾಂಗ್ ಮತ್ತು ಸೈಮನ್ ಜೀ ಬಿತ್ತಿದರು. ಜಪಾನಿನ ತೊಷಿಬಾ ಸಂಸ್ಥೆಯ ಫುಜಿಯೊ ಮಸುವೊಕ ಅವರು ೧೯೮೪ರಲ್ಲಿ ಫ್ಲಾಶ್ ಸ್ಮೃತಿಯನ್ನೂ, ೧೯೮೭ರಲ್ಲಿ ಇಂದಿನ ಎಸ್.ಎಸ್.ಡಿ.ಗಳಲ್ಲಿರುವ ‘ನ್ಯಾಂಡ್’ ಬಗೆಯನ್ನೂ ಲೋಕಕ್ಕೆ ಪರಿಚಯಿಸಿದರು. ೧೯೯೧ರಲ್ಲಿ, ಇಂದು ಸ್ಯಾನ್‌ಡಿಸ್ಕ್ ಎಂಬ ಹೆಸರಿನಿಂದ ಪ್ರಸಿದ್ಧವಾಗಿರುವ ಸಂಸ್ಥೆಯು ಕೇವಲ ೨೦ ಮೆಗಾಬೈಟ್ ಹಿಡಿಯುವ ಎಸ್.ಎಸ್.ಡಿ.ಯೊಂದನ್ನು ತಯಾರಿಸಿತು, ಬೆಲೆ ಸುಮಾರು ಸಾವಿರ ಡಾಲರು. ಈ ಸಂಸ್ಥೆಯನ್ನು ೧೯೮೮ರಲ್ಲಿ ಕಟ್ಟಿದ ಮೂವರಲ್ಲಿ ಕಾನ್ಪುರದಲ್ಲಿ ಜನಿಸಿದ ಸಂಜಯ್ ಮೆಹ್ರೋತ್ರ ಅವರು ಒಬ್ಬರು. ಇಂದು ಸ್ಯಾನ್‌ಡಿಸ್ಕ್, ಸ್ಯಾಮ್‌ಸಂಗ್ ಮೊದಲಾದ ಸಂಸ್ಥೆಗಳ ಎಂಜಿನಿಯರರು ನಮ್ಮ ಬೆಂಗಳೂರಿನಲ್ಲಿಯೂ ಈ ಸಾಧನಗಳ ವಿನ್ಯಾಸದ ಕೆಲಸದಲ್ಲಿ ತೊಡಗಿದ್ದಾರೆ.

ಫ್ಲಾಶ್ ಸ್ಮೃತಿಯ ಒಂದು ಕೋಶವೆಂದರೆ ವಿಶೇಷ ರೀತಿಯ ಒಂದು ಟ್ರಾನ್ಸಿಸ್ಟರು. ಸಾಮಾನ್ಯ ಟ್ರಾನ್ಸಿಸ್ಟರಿನಲ್ಲಿ ‘ಗೇಟು’ ಎಂಬ ಭಾಗವುಂಟು. ಅದಕ್ಕೆ ತಕ್ಕಷ್ಟು ವೋಲ್ಟೇಜು ಕೊಟ್ಟರೆ ಕೆಳಗಿನ ಕಾಲುವೆಯಲ್ಲಿ ಪ್ರವಾಹವು ಹರಿಯುವುದು, ಕೊಡದಿದ್ದರೆ ಹರಿಯದು. ಫ್ಲಾಶ್ ಕೋಶದಲ್ಲಿ ಈ ಗೇಟಿಗೂ ಕಾಲುವೆಗೂ ನಡುವೆ ಇನ್ನೊಂದು ಗೇಟನ್ನು ಹುದುಗಿಸಿರುತ್ತಾರೆ. ಇದಕ್ಕೆ ಎತ್ತಲಿಂದಲೂ ತಂತಿಯ ಸಂಪರ್ಕವಿಲ್ಲ. ಸುತ್ತಲೂ ಸಿಲಿಕಾನ್ ಡೈಆಕ್ಸೈಡಿನಂಥ ಅವಾಹಕ ವಸ್ತುವು ಆವರಿಸಿರುವುದು. ಆದುದರಿಂದ ಇದನ್ನು ‘ತೇಲುವ ಗೇಟು’ ಎಂದು ಕರೆಯುತ್ತಾರೆ. ಇದರಲ್ಲಿ ಎಲೆಕ್ಟ್ರಾನುಗಳನ್ನು ಕೂಡಿಹಾಕಿದರೆ ಅವುಗಳ ಋಣ ವಿದ್ಯುದಂಶವು ಮೇಲಿನ ಗೇಟಿನ ಪ್ರಭಾವವನ್ನು ತಡೆಯುತ್ತದೆ. ಕಾಲುವೆಯನ್ನು ತೆರೆಯಲು ಹೆಚ್ಚು ವೋಲ್ಟೇಜು ಬೇಕಾಗುತ್ತದೆ. ಎಷ್ಟು ವೋಲ್ಟೇಜಿಗೆ ಕಾಲುವೆ ತೆರೆಯಿತೆಂಬುದನ್ನು ನೋಡಿ, ಒಳಗೆ ಎಲೆಕ್ಟ್ರಾನುಗಳಿವೆಯೋ ಇಲ್ಲವೋ ಎಂಬುದನ್ನು ತಿಳಿಯಬಹುದು. ಇವೆಯೆಂದರೆ ಸೊನ್ನೆ, ಇಲ್ಲವೆಂದರೆ ಒಂದು.

ಇಲ್ಲಿ ಚುರುಕಾದ ವಿದ್ಯಾರ್ಥಿಯು ಒಂದು ಆಕ್ಷೇಪವನ್ನೆತ್ತಬಹುದು. ಸುತ್ತಲೂ ಅವಾಹಕವಿದ್ದರೆ ಎಲೆಕ್ಟ್ರಾನು ಒಳಗೆ ಹೋದುದಾದರೂ ಹೇಗೆ? ಹೋಗಲು ದಾರಿಯಿದ್ದರೆ ಹೊರಬರಲೂ ದಾರಿಯಿರಬೇಕಲ್ಲವೇ? ಆಕ್ಷೇಪವು ನ್ಯಾಯವಾದುದೇ. ಸಿಲಿಕಾನಿನಿಂದ ಈ ಅವಾಹಕದೊಳಕ್ಕೆ ಹತ್ತಲು ಎಲೆಕ್ಟ್ರಾನಿಗೆ ಸುಮಾರು ೩ ಎಲೆಕ್ಟ್ರಾನ್ ವೋಲ್ಟಿನಷ್ಟು ಶಕ್ತಿ ಬೇಕು. ಕೋಣೆಯ ಉಷ್ಣತೆಯಲ್ಲಿ ಅದಕ್ಕೆ ಉಷ್ಣದಿಂದ ದೊರೆಯುವುದು ಎಲೆಕ್ಟ್ರಾನ್ ವೋಲ್ಟಿನ ನಲವತ್ತನೆಯ ಒಂದು ಪಾಲಿನಷ್ಟು ಮಾತ್ರ. ನೂರು ಪಟ್ಟಿಗೂ ಮೀರಿದ ಈ ಗೋಡೆಯನ್ನು ಅದು ಹಾರಲಾರದು. ಆದರೆ ಕ್ವಾಂಟಮ್ ಸಿದ್ಧಾಂತದ ಪ್ರಕಾರ ಎಲೆಕ್ಟ್ರಾನು ಬರಿಯ ಗುಂಡಲ್ಲ. ಅದಕ್ಕೆ ಅಲೆಯ ಸ್ವಭಾವವೂ ಉಂಟು. ಗೋಡೆಯು ಸಾಕಷ್ಟು ತೆಳುವಾಗಿದ್ದರೆ, ಅದನ್ನು ಹಾರದೆಯೇ ಆಚೆ ಬದಿಯಲ್ಲಿ ಕಾಣಿಸಿಕೊಳ್ಳುವ ಸಂಭವವುಂಟು. ಸುರಂಗ ಕೊರೆದು ಹೊರಬಿದ್ದಂತೆ ತೋರುವುದರಿಂದ ಇದಕ್ಕೆ ‘ಸುರಂಗ ಪರಿಣಾಮ’ವೆಂದು ಹೆಸರು. ಬಲವಾದ ವಿದ್ಯುತ್ ಕ್ಷೇತ್ರದಲ್ಲಿ ಇದು ನಡೆಯುವ ಬಗೆಯನ್ನು ೧೯೨೮ರಲ್ಲಿಯೇ ಫೌಲರ್ ಮತ್ತು ನಾರ್ಡ್‌ಹೈಮ್ ಗಣಿತದಿಂದ ತೋರಿಸಿದ್ದರು.

ಬರೆಯುವಾಗ ಮೇಲಿನ ಗೇಟಿಗೆ ಸುಮಾರು ೨೦ ವೋಲ್ಟನ್ನು ಕೊಡುತ್ತಾರೆ. ಅದರ ಅರ್ಧದಷ್ಟು ಪಾಲು ಎಂಟು ಹತ್ತು ನ್ಯಾನೊಮೀಟರ್ ದಪ್ಪದ ಅವಾಹಕ ಪೊರೆಯ ಮೇಲೆ ಬಿತ್ತೆಂದುಕೊಳ್ಳೋಣ. ೧೦ ವೋಲ್ಟನ್ನು ೧೦ ನ್ಯಾನೊಮೀಟರಿನಿಂದ ಭಾಗಿಸಿದರೆ ಮೀಟರಿಗೆ ನೂರು ಕೋಟಿ ವೋಲ್ಟಿನ ಕ್ಷೇತ್ರ! ಇಂಥ ಕ್ಷೇತ್ರದಲ್ಲಿ ಗೋಡೆಯು ಓರೆಯಾಗಿ, ಎಲೆಕ್ಟ್ರಾನು ದಾಟಬೇಕಾದ ಭಾಗವು ಕಿರಿದಾಗುತ್ತದೆ, ಎಲೆಕ್ಟ್ರಾನುಗಳು ಒಳನುಸುಳುತ್ತವೆ. ವೋಲ್ಟೇಜನ್ನು ತೆಗೆದೊಡನೆ ಗೋಡೆಯು ಮೊದಲಿನ ದಪ್ಪಕ್ಕೆ ಬರುವುದು, ಒಳಹೊಕ್ಕವು ಸೆರೆಯಾದುವು. ಕರೆಂಟು ಇಲ್ಲದಿದ್ದರೂ ನೆನಪು ಉಳಿಯುವ ಗುಟ್ಟು ಇದೇ. ಅಳಿಸಬೇಕಾದಾಗ ಕ್ಷೇತ್ರವನ್ನು ತಿರುಗುಮುರುಗು ಮಾಡಿದರಾಯಿತು. ಇತ್ತೀಚಿನ ಚಿಪ್ಪುಗಳಲ್ಲಿ ತೇಲುವ ಗೇಟಿಗೆ ಬದಲು ಸಿಲಿಕಾನ್ ನೈಟ್ರೈಡಿನ ಪದರದಲ್ಲಿ ಎಲೆಕ್ಟ್ರಾನುಗಳನ್ನು ಹಿಡಿಯುವುದು ಹೆಚ್ಚು ಬಳಕೆಯಲ್ಲಿದೆ. ೨೦೧೩ರಿಂದೀಚೆಗೆ ಕೋಶಗಳನ್ನು ಮಾಳಿಗೆಯ ಮೇಲೆ ಮಾಳಿಗೆಯಂತೆ ಪೇರಿಸುತ್ತಿದ್ದು, ಇಂದು ಇನ್ನೂರಕ್ಕೂ ಮಿಕ್ಕ ಅಂತಸ್ತುಗಳ ಚಿಪ್ಪುಗಳಿವೆ. ಆದರೂ ತತ್ತ್ವವು ಅದೇ.

ಹಿಡಕಲ್ಲಿನ ನೀರುಮಟ್ಟದಂತೆ

ಒಂದು ಕೋಶದಲ್ಲಿ ಒಂದೇ ಬಿಟ್ಟನ್ನು ಇಟ್ಟರೆ ಜಾಗ ಸಾಲದು, ಬೆಲೆ ಏರುವುದು. ಆದುದರಿಂದ ತಯಾರಕರು ಒಂದು ಉಪಾಯವನ್ನು ಹೂಡಿದರು. ಅದನ್ನು ತಿಳಿಯಲು ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯವನ್ನು ನೆನೆಯೋಣ. ಘಟಪ್ರಭೆಯ ನೀರನ್ನು ಹಿಡಿದಿಟ್ಟಿರುವ ಈ ಜಲಾಶಯದಲ್ಲಿ ನೀರಿದೆಯೇ ಇಲ್ಲವೇ ಎಂದು ಮಾತ್ರ ಕೇಳಿದರೆ ಉತ್ತರಗಳು ಎರಡು. ಅಳತೆಗೋಲಿನ ಮೇಲೆ ಎಂಟು ಗೆರೆಗಳನ್ನು ಎಳೆದು, ನೀರು ಯಾವ ಗೆರೆಯವರೆಗಿದೆ ಎಂದು ಕೇಳಿದರೆ ಉತ್ತರಗಳು ಎಂಟು. ಎಂಟು ಉತ್ತರಗಳಿಂದ ಮೂರು ಬಿಟ್‌ಗಳನ್ನು ಸೂಚಿಸಬಹುದು. ಹದಿನಾರು ಗೆರೆಗಳಿದ್ದರೆ ನಾಲ್ಕು ಬಿಟ್. ಕೋಶದಲ್ಲಿಯೂ ಹೀಗೆಯೇ ಎಲೆಕ್ಟ್ರಾನುಗಳ ‘ಮಟ್ಟ’ವನ್ನು ಅಳೆಯುತ್ತಾರೆ. ಇಂದು ಅಂಗಡಿಗಳಲ್ಲಿ ಸಿಗುವ ಬಹುಪಾಲು ಎಸ್.ಎಸ್.ಡಿ.ಗಳು ಮೂರು ಬಿಟ್ಟಿನವು. ಅಗ್ಗದವುಗಳಲ್ಲಿ ಕೆಲವು ನಾಲ್ಕು ಬಿಟ್ಟಿನವು.

ಲಾಭದ ಜೊತೆಗೆ ನಷ್ಟವೂ ಬಂದಿತು. ಗೆರೆಗಳು ಹತ್ತಿರವಾದಷ್ಟೂ ಸ್ವಲ್ಪ ನೀರು ಇಂಗಿದರೂ ಮಟ್ಟವು ಕೆಳಗಿನ ಗೆರೆಗೆ ಇಳಿದು ಉತ್ತರ ತಪ್ಪಾಗುವುದು. ಒಂದು ಕೋಶದಲ್ಲಿ ಸೆರೆಯಿರುವ ಎಲೆಕ್ಟ್ರಾನುಗಳ ಸಂಖ್ಯೆ ನೂರು ಸಾವಿರಗಳ ಲೆಕ್ಕದ್ದು. ಒಂದು ಮೈಕ್ರೊಆಂಪಿಯರ್ ಪ್ರವಾಹದಲ್ಲಿ ಸೆಕೆಂಡಿಗೆ ಆರು ಲಕ್ಷ ಕೋಟಿಗೂ ಹೆಚ್ಚು ಎಲೆಕ್ಟ್ರಾನುಗಳು ಹರಿಯುತ್ತವೆಂಬುದನ್ನು ನೆನೆದರೆ, ನಮ್ಮ ಬರಹಗಳು ಎಷ್ಟು ಕೊಂಚ ಬಂಡವಾಳದ ಮೇಲೆ ನಿಂತಿವೆ ಎಂಬುದು ಅರಿವಾಗುವುದು.

ಇನ್ನೊಂದು ತೊಡಕೂ ಉಂಟು. ಬರೆಯುವಾಗಲೂ ಅಳಿಸುವಾಗಲೂ ಆ ಪ್ರಚಂಡ ಕ್ಷೇತ್ರವು ಅವಾಹಕ ಪೊರೆಯನ್ನು ಸ್ವಲ್ಪ ಸ್ವಲ್ಪವಾಗಿ ಹಾಳುಮಾಡುತ್ತದೆ. ಕೋಶಕ್ಕೊಂದು ಬಿಟ್ಟಿನ ಚಿಪ್ಪು ಸುಮಾರು ಒಂದು ಲಕ್ಷ ಸಲ ಅಳಿಸಿ ಬರೆಯುವುದನ್ನು ತಾಳಬಲ್ಲದು. ಮೂರು ಬಿಟ್ಟಿನದು ಒಂದೆರಡು ಮೂರು ಸಾವಿರ ಸಲ. ನಾಲ್ಕು ಬಿಟ್ಟಿನದು ಇನ್ನೂ ಕಡಿಮೆ. ಇದಲ್ಲದೆ, ಫ್ಲಾಶ್ ಸ್ಮೃತಿಯಲ್ಲಿ ಬರೆಯುವುದು ಕೆಲವು ಸಾವಿರ ಬೈಟುಗಳ ‘ಪುಟ’ಗಳಲ್ಲಿ, ಅಳಿಸುವುದು ಮಾತ್ರ ನೂರಾರು ಪುಟಗಳು ಸೇರಿದ ‘ಬ್ಲಾಕು’ಗಳಲ್ಲಿ. ಪಾಟಿಯ ಮೇಲಿನ ಒಂದು ಅಕ್ಷರವನ್ನು ತಿದ್ದಲು ಇಡೀ ಪಾಟಿಯನ್ನು ಒರೆಸಬೇಕಾದಂತೆ ಇದು.

ಇವೆಲ್ಲವನ್ನೂ ನಿಭಾಯಿಸುವುದು ಎಸ್.ಎಸ್.ಡಿ.ಯೊಳಗಿನ ‘ಕಂಟ್ರೋಲರ್’ ಎಂಬ ಚಿಪ್ಪು. ತಿದ್ದಿದ ಪುಟವನ್ನು ಅದು ಹಳೆಯ ಜಾಗದಲ್ಲಿ ಬರೆಯದೆ ಖಾಲಿಯಿರುವ ಇನ್ನೊಂದೆಡೆ ಬರೆದು, ಯಾವ ಬರಹವು ಎಲ್ಲಿದೆ ಎಂಬ ಪಟ್ಟಿಯನ್ನು ತಿದ್ದಿಕೊಳ್ಳುವುದು. ಒಂದೇ ಬ್ಲಾಕು ಸವೆಯದಂತೆ ಕೆಲಸವನ್ನು ಎಲ್ಲಕ್ಕೂ ಸರಿಯಾಗಿ ಹಂಚುವುದು. ತಪ್ಪಿದ ಬಿಟ್‌ಗಳನ್ನು ಗಣಿತದ ಸಂಕೇತಗಳಿಂದ ಕಂಡುಹಿಡಿದು ಸರಿಪಡಿಸುವುದು. ಈ ಸಂಕೇತಗಳಲ್ಲಿ ಇಂದು ಮುಖ್ಯವಾದ ಬಗೆಯನ್ನು ರಾಬರ್ಟ್ ಗ್ಯಾಲಗರ್ ಎಂಬ ವಿದ್ವಾಂಸರು ೧೯೬೦ರಷ್ಟು ಹಿಂದೆಯೇ ತಮ್ಮ ಪ್ರಬಂಧದಲ್ಲಿ ವಿವರಿಸಿದ್ದರು. ಆಗ ಅದು ಬರಿಯ ಗಣಿತವೆಂದು ಮೂಲೆಯಲ್ಲಿ ಉಳಿಯಿತು. ಇಂದು ನಮ್ಮ ಜೇಬಿನಲ್ಲಿ ದುಡಿಯುತ್ತಿದೆ.

ಎರಡನ್ನೂ ತೂಗಿದರೆ

ಈಗ ಹೋಲಿಕೆಗೆ ಬರೋಣ. ಎಸ್.ಎಸ್.ಡಿ.ಯಲ್ಲಿ ಬೇಕಾದ ಪುಟವನ್ನು ತಲುಪಲು ಸುಮಾರು ೧೦೦ ಮೈಕ್ರೊಸೆಕೆಂಡು ಸಾಕು. ಹಾರ್ಡ್ ಡಿಸ್ಕಿನ ೧೨ ಮಿಲಿಸೆಕೆಂಡಿಗೆ ಇದು ನೂರ ಇಪ್ಪತ್ತನೆಯ ಒಂದು ಪಾಲು. ಅಲ್ಲದೆ ಅನೇಕ ಚಿಪ್ಪುಗಳು ಏಕಕಾಲಕ್ಕೆ ದುಡಿಯುವುದರಿಂದ ನಿಜವಾದ ಅಂತರವು ಇನ್ನೂ ಹೆಚ್ಚಿನದು. ಒಂದೇ ದೊಡ್ಡ ಕಡತವನ್ನು ಸಾಲಾಗಿ ಓದುವಲ್ಲಿ ಮಾತ್ರ ಅಂತರವು ಇಷ್ಟಿಲ್ಲ: ಹಾರ್ಡ್ ಡಿಸ್ಕು ಸೆಕೆಂಡಿಗೆ ೧೫೦ರಿಂದ ೨೫೦ ಮೆಗಾಬೈಟ್ ಕೊಟ್ಟರೆ, ಹಳೆಯ ಜೋಡಣೆಯ ಎಸ್.ಎಸ್.ಡಿ.ಯು ಸುಮಾರು ೫೫೦ನ್ನೂ, ಹೊಸ ಜೋಡಣೆಯದು ಸಾವಿರಗಟ್ಟಲೆಯನ್ನೂ ಕೊಡುವುದು. ಹಳೆಯ ಯಂತ್ರಕ್ಕೆ ಎಸ್.ಎಸ್.ಡಿ. ಹಾಕಿಸಿದರೆ ಹೊಸ ಜೀವ ಬಂದಂತಾಗುವುದು ಈ ಕಾರಣದಿಂದಲೇ. ಹೊಸ ಯಂತ್ರಗಳನ್ನು ಕೊಳ್ಳುವ ಶಕ್ತಿಯಿಲ್ಲದ ಶಾಲೆಗಳು ಮೊದಲು ಈ ಉಪಾಯವನ್ನು ಯೋಚಿಸುವುದೊಳ್ಳೆಯದು.

ಅಲುಗಾಟವನ್ನು ಎಸ್.ಎಸ್.ಡಿ.ಯು ಚೆನ್ನಾಗಿ ತಾಳುತ್ತದೆ. ಕಬ್ಬಿನ ಟ್ರ್ಯಾಕ್ಟರುಗಳು ಓಡಾಡಿ ಕೆಟ್ಟ ರಸ್ತೆಯಲ್ಲಿ ಮೋಟಾರ್ ಸೈಕಲ್ಲಿನ ಮೇಲೆ ಲ್ಯಾಪ್‌ಟಾಪು ಒಯ್ಯುವವರಿಗೆ ಇದು ಸಣ್ಣ ಲಾಭವಲ್ಲ. ಸದ್ದಿಲ್ಲ, ವಿದ್ಯುತ್ತಿನ ಖರ್ಚೂ ಕಡಿಮೆ. ಆದರೆ ಒಂದೇ ಹಣಕ್ಕೆ ಹಾರ್ಡ್ ಡಿಸ್ಕಿನಲ್ಲಿ ದೊರೆಯುವ ಸ್ಥಳವು ಹೆಚ್ಚು. ಆದುದರಿಂದಲೇ ದೊಡ್ಡ ದೊಡ್ಡ ದತ್ತಾಂಶ ಕೇಂದ್ರಗಳು ರಾಶಿಗಟ್ಟಲೆ ಸಂಗ್ರಹಕ್ಕೆ ಇಂದಿಗೂ ತಿರುಗುವ ತಟ್ಟೆಯನ್ನು ಬಿಟ್ಟಿಲ್ಲ.

ಹಠಾತ್ತನೆ ಕರೆಂಟು ಹೋದಾಗ ಎರಡೂ ಹೇಗೆ ವರ್ತಿಸುವುವೆಂಬುದು ಸ್ವಾರಸ್ಯದ ವಿಷಯ. ಹುಕ್ಕೇರಿಯ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವು ೧೯೬೯ರಿಂದ ಹಳ್ಳಿಗಳಿಗೆ ಬೆಳಕು ಹಂಚುತ್ತಿರುವ ಸೀಮೆಯವರಾದ ನಮಗೆ ಕರೆಂಟಿನ ಬೆಲೆ ಗೊತ್ತು. ಮಳೆಗಾಳಿಯಲ್ಲಿ ಅದು ಹೋಗುವುದೂ ಗೊತ್ತು. ಹಾರ್ಡ್ ಡಿಸ್ಕಿನಲ್ಲಿ ಕರೆಂಟು ಹೋದ ಕ್ಷಣ ತಟ್ಟೆಗಳು ಇನ್ನೂ ತಿರುಗುತ್ತಲೇ ಇರುತ್ತವೆ. ಅವನ್ನು ತಿರುಗಿಸುತ್ತಿದ್ದ ಮೋಟಾರು ಆಗ ಡೈನಮೋ ಆಗಿಬಿಡುವುದು. ತಟ್ಟೆಯ ಚಲನಶಕ್ತಿಯಿಂದ ಹುಟ್ಟಿದ ಆ ವಿದ್ಯುತ್ತಿನಿಂದಲೇ ತೋಳು ಹೆಡ್ಡನ್ನು ತಟ್ಟೆಯ ಹೊರಗಿನ ಸುರಕ್ಷಿತ ಸ್ಥಾನಕ್ಕೆ ಸರಿಸಿಕೊಳ್ಳುತ್ತದೆ. ಎಸ್.ಎಸ್.ಡಿ.ಯಲ್ಲಿ ಇಂಥ ಸಂಚಿತ ಚಲನೆಯಿಲ್ಲ. ಕಚೇರಿಗಳಿಗಾಗಿ ಮಾಡಿದ ಬೆಲೆಯುಳ್ಳ ಎಸ್.ಎಸ್.ಡಿ.ಗಳಲ್ಲಿ ಕೆಪಾಸಿಟರುಗಳಿದ್ದು, ಕೈಯಲ್ಲಿದ್ದ ಬರಹವನ್ನು ಮುಗಿಸುವಷ್ಟು ವಿದ್ಯುತ್ತನ್ನು ಕೊಡುತ್ತವೆ. ಮನೆಬಳಕೆಯ ಅಗ್ಗದ ಸಾಧನಗಳಲ್ಲಿ ಸಾಮಾನ್ಯವಾಗಿ ಅವಿಲ್ಲ. ಮೇಜಿನ ಮೇಲಿನ ಯಂತ್ರಕ್ಕೆ ಯು.ಪಿ.ಎಸ್. ಇರಬೇಕೆಂದು ಹೇಳುವುದು ಈ ಕಾರಣದಿಂದ.

ಮರೆಯುವ ಎರಡು ಬಗೆಗಳು

ಎಸ್.ಎಸ್.ಡಿ.ಯು ಬೇಗ ಸವೆಯುವುದೆಂಬ ಭಯವು ಅನೇಕರಲ್ಲುಂಟು. ಸ್ವಲ್ಪ ಲೆಕ್ಕ ಹಾಕೋಣ. ೫೦೦ ಗಿಗಾಬೈಟಿನ ಸಾಧನಕ್ಕೆ ೩೦೦ ಟೆರಾಬೈಟ್ ಬರೆಯುವವರೆಗೆ ಬಾಳಿಕೆಯ ಭರವಸೆಯನ್ನು ಕೊಡುವುದು ಸಾಮಾನ್ಯ. ದಿನಕ್ಕೆ ೨೦ ಗಿಗಾಬೈಟ್ ಬರೆದರೂ ಇದು ೧೫,೦೦೦ ದಿನ, ಅಂದರೆ ೪೧ ವರ್ಷ ನಡೆಯಬೇಕು. ವಿದ್ಯಾರ್ಥಿಯೊಬ್ಬನು ಅಷ್ಟು ಬರೆಯಲಾರ. ಭಯಪಡಬೇಕಾದುದು ಬೇರೆ ಮೂರು ಸಂಗತಿಗಳಿಗೆ.

ಮೊದಲನೆಯದು, ಎಸ್.ಎಸ್.ಡಿ.ಯನ್ನು ಕರೆಂಟಿಲ್ಲದೆ ಬಹುಕಾಲ ಇಡುವುದು. ಸೆರೆಸಿಕ್ಕ ಎಲೆಕ್ಟ್ರಾನುಗಳು ನಿಧಾನವಾಗಿ ಸೋರುತ್ತವೆ. ಉಷ್ಣತೆ ಏರಿದಷ್ಟೂ ಸೋರಿಕೆಯು ಹೆಚ್ಚುವುದು. ಜೆಡೆಕ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಮಾನದಂಡದ ಪ್ರಕಾರ, ಮನೆಬಳಕೆಯ ಎಸ್.ಎಸ್.ಡಿ.ಯು ತನ್ನ ಬರಹದ ಬಾಳಿಕೆಯನ್ನು ಪೂರ್ತಿ ಸವೆಸಿದ ಮೇಲೆಯೂ ೩೦ ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಕರೆಂಟಿಲ್ಲದೆ ಒಂದು ವರ್ಷ ನೆನಪಿಡಬೇಕು. ಕಚೇರಿಯ ಬಗೆಯದು ೪೦ ಡಿಗ್ರಿಯಲ್ಲಿ ಮೂರು ತಿಂಗಳು. ಇವು ಕನಿಷ್ಠ ಮಿತಿಗಳು. ಹೊಸ ಸಾಧನವು ಇದಕ್ಕಿಂತ ಬಹಳ ಹೆಚ್ಚು ಕಾಲ ನೆನಪಿಡುವುದು. ಆದರೂ ಮನೆತನದ ಚಿತ್ರಗಳನ್ನು ಹಳೆಯ ಎಸ್.ಎಸ್.ಡಿ.ಗೆ ತುಂಬಿ, ಬೇಸಗೆಯಲ್ಲಿ ಕಾಯುವ ತಗಡಿನ ಮಾಡಿನ ಕೆಳಗೆ ಟ್ರಂಕಿನಲ್ಲಿಟ್ಟು ಹತ್ತು ವರ್ಷ ಮರೆತುಬಿಡುವುದು ವಿವೇಕವಲ್ಲ. ಕಾಂತದ ಹರಳುಗಳು ಈ ರೀತಿ ಸೋರುವುದಿಲ್ಲ. ಹಾರ್ಡ್ ಡಿಸ್ಕಿನ ಶತ್ರುಗಳು ಪೆಟ್ಟು, ಧೂಳು, ಬೇರಿಂಗಿನ ಸವೆತ ಇವು.

ಎರಡನೆಯದು, ಅಳಿಸಿದುದನ್ನು ಮರಳಿ ಪಡೆಯುವ ಆಸೆ. ಹಾರ್ಡ್ ಡಿಸ್ಕಿನಲ್ಲಿ ಕಡತವನ್ನು ಅಳಿಸಿದರೆ ವಿಳಾಸ ಮಾತ್ರ ಹೋಗುವುದು. ಬರಹವು ಅದರ ಮೇಲೆ ಇನ್ನೊಂದು ಬರಹ ಬೀಳುವವರೆಗೆ ಉಳಿದಿರುತ್ತದೆ. ಎಸ್.ಎಸ್.ಡಿ.ಯಲ್ಲಾದರೋ ಅಳಿಸಿದ ಸುದ್ದಿಯು ಕಂಟ್ರೋಲರಿಗೆ ಹೋಗಿ, ಅದು ಬಿಡುವಿನಲ್ಲಿ ಆ ಪಾಟಿಯನ್ನು ನಿಜವಾಗಿಯೇ ಒರೆಸಿಬಿಡುವುದು. ಮತ್ತೆ ಬರೆಯುವ ವೇಗಕ್ಕಾಗಿ ಮಾಡಿದ ವ್ಯವಸ್ಥೆ ಅದು. ಕೈತಪ್ಪಿ ಅಳಿಸಿದವನಿಗೆ ಮಾತ್ರ ಕರುಣೆ ತೋರದು.

ಮೂರನೆಯದು, ಮುನ್ಸೂಚನೆ. ಕೆಡುತ್ತಿರುವ ಹಾರ್ಡ್ ಡಿಸ್ಕು ಅನೇಕ ವೇಳೆ ಕಟಕಟ ಶಬ್ದ ಮಾಡುತ್ತದೆ, ನಿಧಾನವಾಗುತ್ತದೆ. ಒಡೆಯನು ಎಚ್ಚರಗೊಂಡು ಸಾಮಾನು ಸಾಗಿಸಲು ಸ್ವಲ್ಪ ಅವಕಾಶ ದೊರೆಯುವುದುಂಟು. ಎಸ್.ಎಸ್.ಡಿ.ಯ ಕಂಟ್ರೋಲರು ಕೆಟ್ಟರೆ ನಿನ್ನೆಯವರೆಗೆ ಓಡುತ್ತಿದ್ದುದು ಇಂದು ಮೂಕವಾಗಬಹುದು. ಕೋಶಗಳಲ್ಲಿ ಬರಹವು ಇದ್ದರೂ, ಯಾವುದು ಎಲ್ಲಿದೆ ಎಂಬ ಪಟ್ಟಿಯಿಲ್ಲದೆ ಅದು ಉಪಯೋಗಕ್ಕೆ ಬಾರದು.

ಹಾಗಾದರೆ ಯಾವುದನ್ನು ನಂಬಬೇಕು? ಯಾವ ಒಂದನ್ನೂ ಅಲ್ಲ ಎಂಬುದೇ ಇದುವರೆಗಿನ ವಿವೇಚನೆಯಿಂದ ಹೊರಡುವ ಉತ್ತರ. ದಿನನಿತ್ಯದ ಕೆಲಸಕ್ಕೆ ಎಸ್.ಎಸ್.ಡಿ. ಇರಲಿ. ಅದರಲ್ಲಿರುವುದರ ಪ್ರತಿಯೊಂದು ಹಾರ್ಡ್ ಡಿಸ್ಕಿನಲ್ಲಿರಲಿ. ವರ್ಷಕ್ಕೆ ಒಂದೆರಡು ಸಲವಾದರೂ ಅದನ್ನು ಜೋಡಿಸಿ, ಕಡತಗಳು ತೆರೆಯುವುವೇ ಎಂದು ಪರೀಕ್ಷಿಸಬೇಕು. ಇನ್ನೊಂದು ಪ್ರತಿಯು ಬೇರೆ ಊರಿನಲ್ಲಿರುವುದು ಅವಶ್ಯ. ೨೦೧೯ರ ಆಗಸ್ಟಿನಲ್ಲಿ ಘಟಪ್ರಭೆಯು ಉಕ್ಕಿ ಗೋಕಾಕ ಪಟ್ಟಣದೊಳಕ್ಕೆ ನುಗ್ಗಿದುದನ್ನು ನಾವು ಮರೆತಿಲ್ಲ. ಅಂಥ ನೀರು ಮನೆಯೊಳಗೆ ಬಂದರೆ ಕಾಗದ, ಕಾಂತ, ಎಲೆಕ್ಟ್ರಾನು ಎಂಬ ಭೇದವನ್ನೆಣಿಸದು. ಒಂದೇ ಕಪಾಟಿನಲ್ಲಿಟ್ಟ ಮೂರು ಪ್ರತಿಗಳು ಅಂಥ ದಿನ ಒಂದೇ ಪ್ರತಿಗೆ ಸಮ.

ತಾಮ್ರಪಟವನ್ನು ಕೊರೆಯಿಸಿದ ಅರಸನು ಒಮ್ಮೆ ಕೊರೆಯಿಸಿ ನಿಶ್ಚಿಂತನಾದನು. ನಮ್ಮ ಕಾಲದ ಬರಹಕ್ಕೆ ಆ ನಿಶ್ಚಿಂತೆಯಿಲ್ಲ. ಅದು ಹಗುರ, ಅಗ್ಗ, ಮಿಂಚಿನಂತೆ ವೇಗವುಳ್ಳದ್ದು. ಆದರೆ ಆಗಾಗ ತೆಗೆದು ನೋಡಿ, ಹೊಸ ಸಾಧನಕ್ಕೆ ಇಳಿಸಿಕೊಳ್ಳುತ್ತಿದ್ದರೆ ಮಾತ್ರ ಉಳಿಯತಕ್ಕದ್ದು. ಹೊಲವನ್ನು ವರ್ಷವರ್ಷವೂ ಹಸನು ಮಾಡುವ ಜನರಾದ ನಮಗೆ ಇದು ಅಪರಿಚಿತವಾದ ಪಾಠವೇನೂ ಅಲ್ಲ.